ಮೆಲಿಸಾಂದ್ ಹೇಳಿದ ನಾಲ್ಕು ಮಾತು

ಕಾಡಿನಲ್ಲಿ ದಾರಿ ತಪ್ಪಿದ ಒಬ್ಬ ರಾಜಕುಮಾರ. ಹೆಸರು ಗೊಲೋ. ಹಂದಿ ಬೇಟೆಗೆ ಹೋದವನು, ಗಾಯಗೊಂಡ ಹಂದಿಯ ನೆತ್ತರಿನ ಜಾಡು ಹಿಡಿದು ಬಂದು, ಈಗ ಹಂದಿಯೂ ಇಲ್ಲ, ನಾಯಿಗಳೂ ಇಲ್ಲ ಅಂತ ನಿಂತಿದ್ದಾನೆ. ಕೂದಲು ನರೆಯಲು ಶುರುವಾದ ಗಂಡಸು. ಹೆಂಡತಿ ತೀರಿಕೊಂಡಿದ್ದಾಳೆ, ಒಬ್ಬ ಸಣ್ಣ ಮಗನಿದ್ದಾನೆ. ಅಲ್ಲೇ ನೀರಿನ ಬದಿಯಲ್ಲಿ ಒಂದು ಹುಡುಗಿ ಕೂತು ಅಳುತ್ತಿದೆ. ಉಟ್ಟದ್ದು ರಾಜಕುಮಾರಿಯ ಉಡುಪು, ಆದರೆ ಮುಳ್ಳಿಗೆ ಸಿಕ್ಕಿ ಹರಿದಿದೆ. ನೀರಿನ ತಳದಲ್ಲಿ ಒಂದು ಕಿರೀಟ ಹೊಳೆಯುತ್ತಿದೆ.

ಅವನು ಹತ್ತಿರ ಹೋದರೆ ಅವಳು ಮೊದಲು ಹೇಳುವುದು ಒಂದೇ: ನನ್ನನ್ನು ಮುಟ್ಟಬೇಡ, ಮುಟ್ಟಿದರೆ ನೀರಿಗೆ ಹಾರುತ್ತೇನೆ. ಯಾರು ನಿನಗೆ ಕೇಡು ಮಾಡಿದ್ದು ಅಂತ ಕೇಳಿದರೆ, ಎಲ್ಲರೂ ಅನ್ನುತ್ತಾಳೆ. ಎಂಥ ಕೇಡು ಅಂದರೆ, ಹೇಳಲಾರೆ ಅನ್ನುತ್ತಾಳೆ. ಎಲ್ಲಿಂದ ಬಂದೆ ಅಂದರೆ, ಓಡಿ ಬಂದೆ, ದೂರದಿಂದ. ಕಿರೀಟ ಎತ್ತಿ ಕೊಡಲೇ ಅಂದರೆ ಬೇಡವೇ ಬೇಡ. ನಿನ್ನ ವಯಸ್ಸೆಷ್ಟು ಅಂದರೆ, ನನಗೆ ಚಳಿಯಾಗುತ್ತಿದೆ ಅನ್ನುತ್ತಾಳೆ. ಕೊನೆಗೆ ಅವನ ಹಿಂದೆ ಹೊರಡುತ್ತಾಳೆ. ಎಲ್ಲಿಗೆ ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ, ಅವನೂ ದಾರಿ ತಪ್ಪಿದವನೇ.

ಇದು ಮೋರಿಸ್ ಮೇಟರ್‌ಲಿಂಕ್ ಬರೆದ 'ಪೆಲೆಯಾಸ್ ಮತ್ತು ಮೆಲಿಸಾಂದ್' ನಾಟಕದ ಆರಂಭದ ಭಾಗ. ಬರೆದವನು ಬೆಲ್ಜಿಯಂ ದೇಶದ ಗೆಂಟ್ ಊರಿನವನು, 1862ರಲ್ಲಿ ಹುಟ್ಟಿದವನು. ಊರು ಫ್ಲೆಮಿಷ್ ಭಾಷೆಯದ್ದು, ಬರೆದದ್ದು ಫ್ರೆಂಚಿನಲ್ಲಿ. ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಕೇಳಿ ಬೆಳೆಯುವ ಗಡಿನಾಡಿನ ನಮಗೆ ಅಂಥ ಲೇಖಕನ ಪರಿಸ್ಥಿತಿ ಬಿಡಿಸಿ ಹೇಳಬೇಕಾಗಿಲ್ಲ. 1911ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಈ ನಾಟಕ 1892ರಲ್ಲಿ ಅಚ್ಚಾಗಿ, 1893ರ ಮೇ 17ರಂದು ಪ್ಯಾರಿಸಿನಲ್ಲಿ ಆಡಲ್ಪಟ್ಟಿತು. ಆಡಿಸಿದ ಲುನ್ಯೆ-ಪೋ ರಂಗಕ್ಕೂ ಪ್ರೇಕ್ಷಕರಿಗೂ ನಡುವೆ ತೆಳುವಾದ ಜಾಲರಿ ಪರದೆ ಇಳಿಬಿಟ್ಟಿದ್ದನಂತೆ, ಪಾತ್ರಗಳು ಮಂಜಿನೊಳಗೆ ನಡೆದಾಡುವ ಹಾಗೆ ಕಾಣಲಿ ಅಂತ. ಆ ದಿನ ನೋಡಲು ಬಂದವರಲ್ಲಿ ಕ್ಲೋದ್ ಡೆಬ್ಯುಸಿ ಎಂಬ ಸಂಗೀತಗಾರನೂ ಇದ್ದ. ಅವನು ಇದನ್ನೇ ಆಪೆರಾ ಮಾಡಿದ. ಆಪೆರಾ ಅಂದರೆ ಮಾತೆಲ್ಲ ಹಾಡಾಗಿರುವ, ದೊಡ್ಡ ವಾದ್ಯಮೇಳ ಜೊತೆಗಿರುವ ನಾಟಕ. ಅದು ಮೊದಲು ರಂಗಕ್ಕೆ ಬಂದದ್ದು 1902ರ ಏಪ್ರಿಲ್ 30ರಂದು, ಪ್ಯಾರಿಸಿನ ಆಪೆರಾ-ಕಾಮಿಕ್‌ನಲ್ಲಿ.

ಕಥೆ ಹೇಳಿಬಿಡುತ್ತೇನೆ. ಗೊಲೋ ಆ ಹುಡುಗಿಯನ್ನು ಮದುವೆಯಾಗಿ, ಆರು ತಿಂಗಳ ಮೇಲೆ ಮನೆಗೆ ಕಾಗದ ಬರೆಯುತ್ತಾನೆ. ಮದುವೆಯಾಗಿ ಆರು ತಿಂಗಳಾದರೂ ಅವಳ ವಿಚಾರ ಮೊದಲ ದಿನ ಗೊತ್ತಿದ್ದಷ್ಟೇ ಗೊತ್ತು ಅಂತ ಆ ಕಾಗದದಲ್ಲಿದೆ. ಅಜ್ಜ ಆರ್ಕೆಲ್ ಆಲ್‌ಮೋಂದ್ ರಾಜ್ಯದ ಅರಸು, ಕಣ್ಣು ಹೆಚ್ಚುಕಡಿಮೆ ಹೋಗಿದೆ. ಅವನು ಒಪ್ಪುತ್ತಾನೆ. ಸೊಸೆ ಅರಮನೆಗೆ ಬರುತ್ತಾಳೆ. ಸುತ್ತ ಬಿಸಿಲು ಬೀಳದ ಕಾಡು, ಎದುರಿಗೆ ಸಮುದ್ರ, ಕೆಳಗೆ ಕೊಳೆತು ನಾರುವ ನೆಲಮಾಳಿಗೆ, ರಾಜ್ಯದಲ್ಲಿ ಬರಗಾಲ. ಗೊಲೋನ ತಮ್ಮ ಪೆಲೆಯಾಸ್, ತಾಯಿ ಒಬ್ಬಳೇ, ತಂದೆ ಬೇರೆ. ಅವನಿಗೂ ಮೆಲಿಸಾಂದಳಿಗೂ ಮೆಲ್ಲಗೆ ಸ್ನೇಹ ಹುಟ್ಟುತ್ತದೆ. ಗೊಲೋಗೆ ಸಂಶಯ. ತನ್ನ ಪುಟ್ಟ ಮಗನನ್ನು ಹೆಗಲ ಮೇಲೆ ಎತ್ತಿ ಕಿಟಕಿಯಲ್ಲಿ ಇಣುಕಿಸಿ ಗೂಢಚಾರಿಕೆ ಮಾಡಿಸುತ್ತಾನೆ. ಅವರಿಬ್ಬರೂ ಸುಮ್ಮನೆ ದೀಪ ನೋಡುತ್ತಿದ್ದಾರೆ ಅಂತ ಮಗು ಹೇಳುತ್ತದೆ. ಕೊನೆಗೆ ಒಂದು ರಾತ್ರಿ ಗೊಲೋ ತಮ್ಮನನ್ನು ಕತ್ತಿಯಿಂದ ಕಡಿದು, ಹೆಂಡತಿಯನ್ನು ಕಾಡಿನಲ್ಲಿ ಅಟ್ಟಿಸಿಕೊಂಡು ಹೋಗುತ್ತಾನೆ. ಅವಳು ಒಂದು ಹೆಣ್ಣು ಮಗು ಹೆತ್ತು ಸಾಯುತ್ತಾಳೆ. ಸಾಯುವಷ್ಟು ಗಾಯ ಅವಳಿಗೆ ಆಗಿಲ್ಲ ಅಂತ ವೈದ್ಯನೇ ಹೇಳುತ್ತಾನೆ. ಆದರೂ ಸಾಯುತ್ತಾಳೆ.

ಈ ಹುಡುಗಿ ಯಾರು? ನೂರಕ್ಕೂ ಹೆಚ್ಚು ವರ್ಷಗಳಿಂದ ಬರೆದವರೆಲ್ಲ ಇದೇ ಪ್ರಶ್ನೆ ಹಿಡಿದಿದ್ದಾರೆ. ಫ್ರಾನ್ಸಿನ ಹಳೆ ಕಥೆಗಳಲ್ಲಿ ಮೆಲ್ಯುಸಿನ್ ಎಂಬ ನೀರಿನ ಹೆಣ್ಣು ಇದ್ದಾಳೆ, ಇವಳು ಅವಳ ಸಂತತಿ ಅಂದವರಿದ್ದಾರೆ. ವಿಧಿಯ ರೂಪ ಅಂದವರಿದ್ದಾರೆ. ಏನೂ ಅರಿಯದ ಮುಗ್ಧೆ ಅಂದವರಿದ್ದಾರೆ, ಎಲ್ಲ ಅರಿತ ಕಪಟಿ ಅಂದವರೂ ಇದ್ದಾರೆ. ಎಲ್ಲರೂ ಒಪ್ಪುವುದು ಒಂದೇ ಮಾತು: ಅವಳು ನಿಗೂಢ, ಅವಳು ಮಾತಾಡುವುದಿಲ್ಲ.

ನಾವು ತಾಳಮದ್ದಳೆ ಕೇಳಿ ಬೆಳೆದವರು. ನಮಗೆ ಪಾತ್ರ ಅಂದರೆ ವಾದ. ರಾವಣನೇ ಇರಲಿ, ಕೈಕೇಯಿಯೇ ಇರಲಿ, ತನ್ನ ಪಕ್ಷ ಬಿಡಿಸಿ ಹೇಳದೆ ಏಳುವುದಿಲ್ಲ. ಅಂಥ ಕಿವಿಗೆ ಮೆಲಿಸಾಂದ್ ಮೊದಲು ಸಪ್ಪೆ ಅನ್ನಿಸುವುದು ಸಹಜ. ಇದೆಂಥ ನಾಯಕಿ ಮಾರಾಯ್ರೆ, ಒಂದು ಪ್ರಶ್ನೆಗೆ ನೆಟ್ಟಗೆ ಉತ್ತರ ಇಲ್ಲವಲ್ಲ ಅಂತ. ಆದರೆ ನಾಟಕವನ್ನು ಮತ್ತೆ ಮತ್ತೆ ಓದಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಅವಳು ಮಾತಾಡುತ್ತಾಳೆ. ನಾಲ್ಕು ಸಲ ಬಹಳ ಸ್ಪಷ್ಟವಾಗಿ, ಸಣ್ಣ ಮಕ್ಕಳಿಗೂ ಅರ್ಥವಾಗುವ ಭಾಷೆಯಲ್ಲಿ ಹೇಳುತ್ತಾಳೆ. ನಾವು ನೋಡಬೇಕಾದ್ದು ಹೇಳಿದ ಮೇಲೆ ಏನಾಯಿತು ಎಂಬುದನ್ನು.

ಮೊದಲನೆಯ ಮಾತು ಆಗಲೇ ಹೇಳಿದೆ: ಮುಟ್ಟಬೇಡ. ಎಲ್ಲರೂ ಕೇಡು ಮಾಡಿದರು ಅಂದವಳು ಮತ್ತೊಬ್ಬನ ಕೈಗೆ ಹೆದರುವುದರಲ್ಲಿ ಏನು ನಿಗೂಢ? ಗೊಲೋ ಕೆಟ್ಟವನಲ್ಲ, ದೂರವೇ ನಿಲ್ಲುತ್ತಾನೆ. ಆದರೆ ಅವಳನ್ನು ಅವಳ ಪಾಡಿಗೆ ಬಿಡುವುದೂ ಇಲ್ಲ. ಮುಂದಿನ ಸುದ್ದಿ ನಮಗೆ ಸಿಗುವಾಗ ಮದುವೆ ಆಗಿಹೋಗಿದೆ. ಅವಳು ಒಪ್ಪಿದ್ದು ಯಾವಾಗ, ಹೇಗೆ? ನಾಟಕದಲ್ಲಿ ಆ ದೃಶ್ಯವೇ ಇಲ್ಲ.

ಎರಡನೆಯ ಮಾತು ಎರಡನೆಯ ಅಂಕದಲ್ಲಿ. ಕುರುಡರ ಕಣ್ಣು ತೆರೆಸುತ್ತಿತ್ತು ಎಂಬ ಹಳೆ ಕೊಳದ ಹತ್ತಿರ ಪೆಲೆಯಾಸನ ಎದುರು ಮೆಲಿಸಾಂದ್ ಮದುವೆ ಉಂಗುರ ಎಸೆದು ಹಿಡಿದು ಆಡುತ್ತಾಳೆ. ಉಂಗುರ ನೀರಿಗೆ ಬೀಳುತ್ತದೆ. ಆಗ ಮಧ್ಯಾಹ್ನ ಹನ್ನೆರಡರ ಗಂಟೆ ಹೊಡೆಯುತ್ತಿದೆ. ಅದೇ ಹೊತ್ತಿಗೆ ಕಾಡಿನಲ್ಲಿ ಗೊಲೋನ ಕುದುರೆ ಬೆದರಿ ಅವನನ್ನು ಕೆಡವಿದೆ. ಹಾಸಿಗೆಯಲ್ಲಿ ಮಲಗಿದ ಗಂಡನ ಆರೈಕೆ ಮಾಡುತ್ತ ಅವಳು ಅಳುತ್ತಾಳೆ. ನನಗೆ ಇಲ್ಲಿ ಸುಖವಿಲ್ಲ ಅನ್ನುತ್ತಾಳೆ. ಯಾರಾದರೂ ಏನಾದರೂ ಮಾಡಿದರೇ, ಅರಸನೇ, ಅಮ್ಮನೇ, ಪೆಲೆಯಾಸನೇ ಅಂತ ಅವನು ಕೇಳುತ್ತಾನೆ. ಯಾರೂ ಅಲ್ಲ, ಇಲ್ಲಿಂದ ನನ್ನನ್ನು ಕರೆದುಕೊಂಡು ಹೋಗು ಎಂಬ ಅರ್ಥದ ಮಾತು ಅವಳದ್ದು. ಇಲ್ಲಿ ಆಕಾಶವೇ ಕಾಣುವುದಿಲ್ಲ ಅನ್ನುತ್ತಾಳೆ. ಅಷ್ಟಕ್ಕೆ ಅಳುವುದೇ, ನೀನೇನು ಮಗುವೇ ಅಂತ ಅವನು ಸಮಾಧಾನ ಮಾಡಲು ಅವಳ ಕೈ ಹಿಡಿಯುತ್ತಾನೆ. ಕೈಯಲ್ಲಿ ಉಂಗುರವಿಲ್ಲ!

ಇಡೀ ನಾಟಕ ತಿರುಗುವುದು ಇಲ್ಲಿ. ಅದುವರೆಗೆ ಮಾತು ಅವಳ ದುಃಖದ ಬಗ್ಗೆ ಇತ್ತು. ಆ ಕ್ಷಣದಿಂದ ಅವನ ಉಂಗುರದ ಬಗ್ಗೆ ಆಯಿತು. ಅವಳ ದುಃಖದ ವಿಷಯ ಮತ್ತೆ ಅವನ ಬಾಯಲ್ಲಿ ಬರುವುದು ಅವಳು ಸಾಯುವಾಗ. ಉಂಗುರ ಎಲ್ಲಿ ಅಂದಾಗ ಅವಳು ಸುಳ್ಳು ಹೇಳುತ್ತಾಳೆ, ಸಮುದ್ರದ ಗುಹೆಯಲ್ಲಿ ಮಗುವಿಗೆ ಚಿಪ್ಪು ಹೆಕ್ಕುವಾಗ ಜಾರಿತು ಅಂತ. ಈ ರಾತ್ರಿಯೇ ಹೋಗಿ ಹುಡುಕು, ಹೆದರಿಕೆಯಾದರೆ ಪೆಲೆಯಾಸನನ್ನು ಕರೆದುಕೊಂಡು ಹೋಗು ಅಂತ ಗೊಲೋ ಕತ್ತಲಲ್ಲಿ ಅಟ್ಟುತ್ತಾನೆ. ಅವರಿಬ್ಬರನ್ನೂ ಆ ರಾತ್ರಿ ಒಟ್ಟಿಗೆ ಕಳಿಸಿದ್ದು ಗಂಡನೇ, ಇದನ್ನು ಮರೆಯಬಾರದು.

ನೀರಿಗೆ ಬಿದ್ದ ಉಂಗುರ ಅಂದಾಗ ನಮಗೆ ಶಕುಂತಲೆ ನೆನಪಾಗದೆ ಇರುವುದಿಲ್ಲ. ಅಲ್ಲಿ ಮೀನಿನ ಹೊಟ್ಟೆಯಿಂದ ಉಂಗುರ ಹಿಂದೆ ಬರುತ್ತದೆ, ಅರಸನಿಗೆ ನೆನಪು ಬರುತ್ತದೆ, ಕಡೆಗೆ ಹೆಂಡತಿಯೂ ಮಗನೂ ಸಿಗುತ್ತಾರೆ. ಮೇಟರ್‌ಲಿಂಕನ ಕೊಳದಿಂದ ಏನೂ ಹಿಂದೆ ಬರುವುದಿಲ್ಲ. ಇಲ್ಲಿ ಗಂಡನಿಗೆ ಮರೆವು ಇಲ್ಲ, ಶಾಪವೂ ಇಲ್ಲ. ನೆಪ ಹೇಳಲು ದೂರ್ವಾಸ ಮುನಿಯೂ ಇಲ್ಲ.

ಮೂರನೆಯ ಮಾತು ನಾಲ್ಕನೆಯ ಅಂಕದಲ್ಲಿ. ಗೊಲೋ ಅಜ್ಜನ ಎದುರಿಗೇ ಅವಳ ಉದ್ದನೆಯ ಕೂದಲು ಹಿಡಿದು ಎಡಕ್ಕೂ ಬಲಕ್ಕೂ ಎಳೆದಾಡುತ್ತಾನೆ. ಹಿಂದಿನ ಅಂಕದಲ್ಲಿ ಗೋಪುರದ ಕಿಟಕಿಯಿಂದ ಇಳಿದು ಪೆಲೆಯಾಸನ ಮುಖ ಮುಚ್ಚಿದ ಕೂದಲೇ ಇದು. ಅಜ್ಜ ಓಡಿ ಬಂದು ಮೊಮ್ಮಗನ ಹೆಸರು ಕೂಗುತ್ತಾನೆ. ಗೊಲೋ ಹೊರಟುಹೋದ ಮೇಲೆ, ಅವನು ಕುಡಿದಿದ್ದಾನೆಯೇ ಅಂತ ಕೇಳುತ್ತಾನೆ. ಮೆಲಿಸಾಂದ್ ಹೇಳುತ್ತಾಳೆ: ಇಲ್ಲ, ಅವನಿಗೆ ನನ್ನ ಮೇಲೆ ಪ್ರೀತಿ ಇಲ್ಲ, ನನಗೆ ಸುಖವಿಲ್ಲ. ಎರಡನೆಯ ಅಂಕದಲ್ಲಿ ಗಂಡನಿಗೆ ಹೇಳಿದ್ದನ್ನೇ ಈಗ ಮನೆಯ ಹಿರಿಯನಿಗೆ ಹೇಳಿದ್ದಾಳೆ. ಹಿರಿಯನಿಂದ ಬರುವ ಉತ್ತರ ಏನು? ತಾನು ದೇವರಾಗಿದ್ದರೆ ಮನುಷ್ಯರ ಹೃದಯದ ಮೇಲೆ ಕರುಣೆ ತೋರುತ್ತಿದ್ದೆ ಎಂಬ ಅರ್ಥದ ಒಂದು ದೊಡ್ಡ ಮಾತು. ಡೆಬ್ಯುಸಿಯ ಸಂಗೀತದಲ್ಲಿ ಆ ಮಾತು ಕೇಳಿದರೆ ಎದೆ ತುಂಬಿ ಬರುತ್ತದೆ, ಸುಳ್ಳಲ್ಲ. ಆದರೂ ನಾನು ಕೇಳುತ್ತೇನೆ: ದೇವರಾಗುವುದು ಯಾಕೆ ಸ್ವಾಮೀ, ನೀವು ಅರಸರು! ಮೊಮ್ಮಗನನ್ನು ಕರೆದು ಬುದ್ಧಿ ಹೇಳಲು, ಹುಡುಗಿಯನ್ನು ಬೇರೆ ಕೋಣೆಗೆ ಕಳಿಸಲು, ಬಾಗಿಲಿಗೆ ಇಬ್ಬರು ಕಾವಲಿನವರನ್ನು ನಿಲ್ಲಿಸಲು ದೇವರೇ ಆಗಬೇಕೇ? ನಮ್ಮ ದ್ರೌಪದಿಯ ಮುಡಿ ಹಿಡಿದು ಎಳೆದಾಗ ಅವಳು ಸಭೆಯನ್ನೇ ಪ್ರಶ್ನೆ ಮಾಡಿದಳು, ಹಿರಿಯರು ತಲೆ ತಗ್ಗಿಸಬೇಕಾಯಿತು. ಮೆಲಿಸಾಂದಳಿಗೆ ಸಭೆಯೇ ಇಲ್ಲ. ಇರುವುದು ಒಬ್ಬ ಕರುಣಾಳು ಮುದುಕ. ಅವನ ಕರುಣೆಯಿಂದ ಅವಳಿಗೆ ಒಂದು ಹೊತ್ತಿನ ಪ್ರಯೋಜನವೂ ಆಗಲಿಲ್ಲ.

ನಾಲ್ಕನೆಯ ಮಾತು ಸಾವಿನ ಹಾಸಿಗೆಯಲ್ಲಿ. ಗೊಲೋ ಎಲ್ಲರನ್ನೂ ಹೊರಗೆ ಕಳಿಸಿ ಕ್ಷಮೆ ಕೇಳುತ್ತಾನೆ. ಅವಳು ಕ್ಷಮಿಸುತ್ತಾಳೆ. ಆಮೇಲೆ ಕೇಳುತ್ತಾನೆ, ನೀನು ಪೆಲೆಯಾಸನನ್ನು ಪ್ರೀತಿಸಿದೆಯಾ? ಹೌದು, ಪ್ರೀತಿಸಿದೆ, ಅವನೆಲ್ಲಿ ಅನ್ನುತ್ತಾಳೆ. ಅವನಿಗೆ ಸಾಲದು. ತಪ್ಪು ನಡೆಯಿತೇ ಅಂತ ಮತ್ತೆ ಕೇಳುತ್ತಾನೆ. ಇಲ್ಲ, ನಾವು ತಪ್ಪು ಮಾಡಲಿಲ್ಲ ಅನ್ನುತ್ತಾಳೆ. ಇನ್ನೂ ಸಾಲದು. ಸಾಯುವ ಹೊತ್ತಿನಲ್ಲಿ ಸುಳ್ಳಾಡಬೇಡ, ಸತ್ಯ ಹೇಳು, ಸತ್ಯ ಹೇಳು ಅಂತ ಗೋಗರೆಯುತ್ತಾನೆ. ಇದಕ್ಕಿಂತ ನೇರವಾದ ಉತ್ತರ ಯಾವುದು? ಪ್ರೀತಿ ಇತ್ತು, ದ್ರೋಹ ಇರಲಿಲ್ಲ. ಅವನು ಮನಸ್ಸಿನಲ್ಲಿ ಎರಡೇ ಉತ್ತರ ಇಟ್ಟುಕೊಂಡಿದ್ದ, ಎರಡೂ ಇತ್ತು ಅಥವಾ ಎರಡೂ ಇರಲಿಲ್ಲ. ಅವಳು ಹೇಳಿದ್ದು ಮೂರನೆಯದ್ದು. ಅದು ಅವನ ಕಿವಿಗೆ ಹೋಗಲೇ ಇಲ್ಲ.

ಒಂದು ಆಕ್ಷೇಪ ಬರುತ್ತದೆ ಅಂತ ಗೊತ್ತು. ಗಂಡನಿಗೆ ಸುಳ್ಳು ಹೇಳಿ, ಮೈದುನನನ್ನು ರಾತ್ರಿ ಕೊಳದ ಹತ್ತಿರ ಕಂಡವಳನ್ನು ನೀವು ಹೀಗೆ ಪಕ್ಷ ವಹಿಸುವುದೇ ಅಂತ. ಅವಳು ಸುಳ್ಳು ಹೇಳಿದ್ದು ನಿಜ, ಅದನ್ನು ಅಳಿಸಬೇಕಾಗಿಲ್ಲ. ಆದರೆ ಆ ಕೊನೆಯ ರಾತ್ರಿ ಪೆಲೆಯಾಸ್ ನೀನು ಸುಳ್ಳು ಹೇಳುತ್ತಿಲ್ಲ ತಾನೇ ಅಂತ ಕೇಳಿದಾಗ ಅವಳು ಕೊಡುವ ಉತ್ತರ ನೋಡಿ: ತಾನು ಸುಳ್ಳು ಹೇಳುವುದು ಅವನ ಅಣ್ಣನಿಗೆ ಮಾತ್ರ. ಮುಗ್ಧೆ ಎಂಬ ವಾದವೂ ಕಪಟಿ ಎಂಬ ವಾದವೂ ಈ ಒಂದು ಮಾತಿನಿಂದ ಬಿದ್ದುಹೋಗುತ್ತವೆ. ಯಾರ ಹತ್ತಿರ ನಿಜ ಹೇಳಬಹುದು, ಯಾರ ಹತ್ತಿರ ಹೇಳಿದರೆ ಪೆಟ್ಟು ಬೀಳುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಹಲವು ವರ್ಷ ಪಾಠ ಹೇಳಿದ ನನಗೆ ಇಂಥ ಮಕ್ಕಳು ಹೊಸಬರಲ್ಲ. ಒಬ್ಬ ಮೇಷ್ಟ್ರ ಎದುರು ಮೂಕಿಯಾಗಿ ನಿಂತ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಗೆಳತಿಯ ಜೊತೆ ಅರಳು ಹುರಿದ ಹಾಗೆ ಮಾತಾಡುವುದನ್ನು ಶಿಕ್ಷಕರೆಲ್ಲ ನೋಡಿರುತ್ತೀರಿ. ಆ ಮಗುವನ್ನು ನಾವು ನಿಗೂಢ ಅನ್ನುವುದಿಲ್ಲ.

ಈಗ ಸಂಗೀತದ ವಿಷಯ. ಡೆಬ್ಯುಸಿ ನಾಟಕದ ಗದ್ಯವನ್ನೇ ತೆಗೆದುಕೊಂಡು, ಪದ್ಯ ಮಾಡಿಸದೆ, ಸ್ವರ ಹಾಕಿದ. ನಿಂತು ಆಲಾಪಿಸಿ ಚಪ್ಪಾಳೆ ಗಿಟ್ಟಿಸುವ ಹಾಡುಗಳು ಇದರಲ್ಲಿಲ್ಲ, ಮಾತಿನ ಏರಿಳಿತವೇ ರಾಗ. ಬೇರೆ ಆಪೆರಾಗಳಲ್ಲಿ ಪ್ರೇಮ ನಿವೇದನೆ ಬಂತೆಂದರೆ ಇಡೀ ಮೇಳ ಭೋರ್ಗರೆಯುತ್ತದೆ. ಇಲ್ಲಿ ಪೆಲೆಯಾಸ್ ನಿನ್ನನ್ನು ಪ್ರೀತಿಸುತ್ತೇನೆ ಅಂದಾಗ ಮೇಳ ನಿಂತೇ ಹೋಗುತ್ತದೆ. ಆ ನಿಶ್ಶಬ್ದದಲ್ಲಿ ಮೆಲಿಸಾಂದ್ ತಗ್ಗಿದ ದನಿಯಲ್ಲಿ ನಾನೂ ಅನ್ನುತ್ತಾಳೆ. ಅವಳ ಮಾತು ಕೇಳಬೇಕಾದರೆ ಉಳಿದವರು ಸುಮ್ಮನಿರಬೇಕು, ಇದು ಡೆಬ್ಯುಸಿಗೆ ತಿಳಿದಿತ್ತು. ಅವಳ ಸಾವಿನಲ್ಲೂ ಅಷ್ಟೆ. ಅಳು ಇಲ್ಲ, ಕೂಗು ಇಲ್ಲ. ಪ್ರಾಣ ಹೋದ ಕ್ಷಣ ಗಂಡನಿಗೂ ವೈದ್ಯನಿಗೂ ತಿಳಿಯುವುದಿಲ್ಲ. ಕರೆಯದೆ ಬಂದು ಗೋಡೆ ಬದಿಯಲ್ಲಿ ನಿಂತ ಕೆಲಸದ ಹೆಂಗಸರು ಥಟ್ಟನೆ ಮೊಣಕಾಲೂರುತ್ತಾರೆ, ಅದರಿಂದ ಉಳಿದವರಿಗೆ ಗೊತ್ತಾಗುತ್ತದೆ.

ಆದರೆ ಈ ಹೆಂಗಸರ ವಿಷಯದಲ್ಲಿ ಡೆಬ್ಯುಸಿಯ ಮೇಲೆ ನನಗೆ ಒಂದು ದೂರು ಇದೆ. ನಾಟಕದ 19 ದೃಶ್ಯಗಳಲ್ಲಿ ಅವನು ನಾಲ್ಕನ್ನು ಬಿಟ್ಟು 15 ಇಟ್ಟುಕೊಂಡ. ಬಿಟ್ಟದ್ದರಲ್ಲಿ ಎರಡು ಕೆಲಸದವರದ್ದು. ನಾಟಕ ನಿಜವಾಗಿ ಶುರುವಾಗುವುದು ಕಾಡಿನಲ್ಲಲ್ಲ, ಅರಮನೆಯ ಹೊಸ್ತಿಲಲ್ಲಿ. ಕೆಲಸದವರು ಹೆಬ್ಬಾಗಿಲು ತೆರೆಸಿ ಹೊಸ್ತಿಲು ತೊಳೆಯಲು ಬರುತ್ತಾರೆ. ಎಷ್ಟು ನೀರು ಹೊಯ್ದರೂ ಇದು ಶುದ್ಧವಾಗುವುದಿಲ್ಲ ಅಂತ ಬಾಗಿಲು ಕಾಯುವವನು ಹೇಳುತ್ತಾನೆ. ಐದನೆಯ ಅಂಕದ ಮೊದಲಲ್ಲೂ ಕೆಲಸದವರು ಕೂತು, ಆ ಬೆಳಿಗ್ಗೆ ಬಾಗಿಲ ಬಳಿ ಯಾರು ಯಾರನ್ನು ಹೇಗೆ ಕಂಡರು ಅಂತ ಮಾತಾಡಿಕೊಳ್ಳುತ್ತಾರೆ. ದೊಡ್ಡ ಮನೆಯ ರಹಸ್ಯ ಆ ಮನೆಯ ಪಾತ್ರೆ ತೊಳೆಯುವವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆ ಎರಡು ದೃಶ್ಯ ತೆಗೆದಾಗ ಮೆಲಿಸಾಂದಳ ದುಃಖ ಆಕಾಶದಿಂದ ಇಳಿದ ವಿಧಿಯ ಹಾಗೆ ಕಾಣತೊಡಗುತ್ತದೆ. ಇದ್ದಾಗ ಅದು ಒಂದು ಮನೆಯೊಳಗೆ ನಡೆದ, ನೆರೆಹೊರೆಗೆಲ್ಲ ತಿಳಿದಿದ್ದ ಸಂಗತಿ. ಸಂಗೀತಕ್ಕೆ ಲಾಭವಾಯಿತು, ಹುಡುಗಿಗೆ ನಷ್ಟವಾಯಿತು.

ಮೊದಲ ಪ್ರಯೋಗದ ಕಥೆಯೂ ಕೇಳುವಂಥದ್ದೇ. ಮೆಲಿಸಾಂದ್ ಪಾತ್ರ ತನ್ನ ಸಂಗಾತಿ ಜಾರ್ಜೆತ್ ಲೆಬ್ಲಾಂಗೆ ಸಿಗಬೇಕು ಅಂತ ಮೇಟರ್‌ಲಿಂಕ್ ಆಸೆಪಟ್ಟಿದ್ದ. ಪಾತ್ರ ಹೋದದ್ದು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಮೇರಿ ಗಾರ್ಡನ್‌ಗೆ. ಅವನು ಸಿಟ್ಟಿನಲ್ಲಿ 'ಲ ಫಿಗರೋ' ಪತ್ರಿಕೆಗೆ ಕಾಗದ ಬರೆದು, ಈ ಆಪೆರಾ ಬೇಗನೆ ಬಿದ್ದುಹೋಗಲಿ ಅಂತ ಬಹಿರಂಗವಾಗಿ ಹಾರೈಸಿದ! ಪ್ರಯೋಗಕ್ಕೆ ಎರಡು ದಿನ ಮೊದಲಿನ ಕೊನೆಯ ತಾಲೀಮಿನಲ್ಲಿ, ನನಗೆ ಸುಖವಿಲ್ಲ ಎಂಬ ಅದೇ ಮಾತನ್ನು ಗಾರ್ಡನ್ ತನ್ನ ಪರದೇಶಿ ಉಚ್ಚಾರಣೆಯಲ್ಲಿ ಹಾಡಿದಾಗ ಸಭೆಯಲ್ಲಿ ಕೆಲವರು ನಕ್ಕರು. ನಮ್ಮ ಕಡೆಯ ಕನ್ನಡ ಕೇಳಿ ಪೇಟೆಯವರು ನಕ್ಕದ್ದು ನೆನಪಿರುವವರಿಗೆ ಆ ನಗು ಎಂಥದು ಅಂತ ಗೊತ್ತು. ಎಲ್ಲಿಂದಲೋ ಬಂದ ಹುಡುಗಿಯ ಪಾತ್ರಕ್ಕೆ ಎಲ್ಲಿಂದಲೋ ಬಂದ ದನಿಯೇ ಸರಿ ಎಂಬುದು ಅವರಿಗೆ ಹೊಳೆಯಲಿಲ್ಲ. ಆಪೆರಾ ಬೀಳಲಿಲ್ಲ. ಮೇಟರ್‌ಲಿಂಕ್ ಅದನ್ನು ಕೇಳಿದ್ದು 1920ರಲ್ಲಿ, ಅಮೇರಿಕಾದಲ್ಲಿ. ತನ್ನದೇ ತಪ್ಪು ಅಂತ ಆಗ ಒಪ್ಪಿಕೊಂಡ. ಡೆಬ್ಯುಸಿ ಸತ್ತು ಎರಡು ವರ್ಷವಾಗಿತ್ತು.

ಹಾಗಾದರೆ ನಾಟಕದಲ್ಲಿ ಕೊರತೆ ಇಲ್ಲವೇ? ಇದೆ. ದೊಡ್ಡ ದುರಂತ ಕತ್ತಿ ಕಾಳಗದಲ್ಲಿಲ್ಲ, ದೀಪದ ಬುಡದಲ್ಲಿ ಸುಮ್ಮನೆ ಕೂತ ಒಬ್ಬ ಮುದುಕನಲ್ಲೂ ಇದೆ ಅಂತ ಮೇಟರ್‌ಲಿಂಕ್ ಒಂದು ಪ್ರಬಂಧದಲ್ಲಿ ವಾದಿಸಿದ್ದಾನೆ. ಕಾಣುವ ವಸ್ತುವಿನ ಹಿಂದೆ ಕಾಣದ್ದನ್ನು ಸೂಚಿಸುವುದೇ ಈ ಸಾಂಕೇತಿಕ ನಾಟಕಕಾರರ ದಾರಿ. ಅದು ಒಳ್ಳೆಯ ದಾರಿಯೇ. ಆದರೆ ಆ ದಾರಿಯಲ್ಲಿ ಹೋಗುತ್ತ ಅವನು ಮೆಲಿಸಾಂದಳಿಗೆ ಒಂದು ಕೆಲಸ ಕೊಡಲಿಲ್ಲ, ಒಬ್ಬ ಗೆಳತಿಯನ್ನು ಕೊಡಲಿಲ್ಲ, ಹಿಂದಿನದ್ದೊಂದು ಊರು ಕೊಡಲಿಲ್ಲ. ಕೂದಲು, ಕಣ್ಣು, ಪುಟ್ಟ ಕೈಗಳನ್ನು ಮಾತ್ರ ಕೊಟ್ಟ. ಅಸಹಾಯಕತೆಯನ್ನೇ ಚಂದ ಮಾಡಿ ತೋರಿಸುವ ಒಂದು ಚಪಲ ಅವನ ಬರವಣಿಗೆಯಲ್ಲಿದೆ, ಓದುವವರೂ ಅದರಲ್ಲಿ ಸಿಕ್ಕಿಬೀಳುತ್ತೇವೆ. 1879ರಲ್ಲೇ ನಾರ್ವೆಯ ಇಬ್ಸೆನ್ 'ಗೊಂಬೆಯ ಮನೆ'ಯ ನೋರಾಳಿಂದ ಗಂಡನನ್ನು ಎದುರಿಗೆ ಕೂರಿಸಿ ಮಾತಾಡಿಸಿ, ಬಾಗಿಲು ಎಳೆದು ಹೊರಗೆ ನಡೆಸಿದ್ದ. ಅದಾಗಿ ಹದಿಮೂರು ವರ್ಷದ ಮೇಲೆ ಬಂದ ಮೆಲಿಸಾಂದಳಿಗೆ ಬಾಗಿಲು ಎಲ್ಲಿದೆ ಅಂತ ಗೊತ್ತಿಲ್ಲ.

ಮೇಟರ್‌ಲಿಂಕನಿಗೂ ಇದು ಕೊರೆಯುತ್ತಿತ್ತೋ ಏನೋ. ಅವನು ಆಮೇಲೆ 'ಆರಿಯಾನ್ ಮತ್ತು ನೀಲಿಗಡ್ಡದವನು' ಅಂತ ಇನ್ನೊಂದು ನಾಟಕ ಬರೆದ. ಪೋಲ್ ದ್ಯುಕಾ ಅದಕ್ಕೆ ಸಂಗೀತ ಹಾಕಿ 1907ರಲ್ಲಿ ಆಪೆರಾ ಮಾಡಿದ. ನೀಲಿಗಡ್ಡದವನು ಹೆಂಡತಿಯರನ್ನು ನೆಲಮಾಳಿಗೆಯಲ್ಲಿ ಕೂಡಿಹಾಕುವ ಗಂಡ. ಹೊಸದಾಗಿ ಬಂದ ಹೆಂಡತಿ ಆರಿಯಾನ್ ಧೈರ್ಯದವಳು, ಕತ್ತಲೆ ಕೋಣೆ ಒಡೆದು ಐವರು ಹೆಂಗಸರನ್ನು ಬೆಳಕಿಗೆ ತರುತ್ತಾಳೆ. ಆ ಐವರಲ್ಲಿ ಒಬ್ಬಳ ಹೆಸರು ಮೆಲಿಸಾಂದ್, ಉದ್ದ ಕೂದಲಿನ ಅದೇ ಮೆಲಿಸಾಂದ್! ದ್ಯುಕಾ ಅವಳ ಪ್ರವೇಶಕ್ಕೆ ಡೆಬ್ಯುಸಿಯ ಸ್ವರಗಳನ್ನೇ ನೆನಪಿಸುತ್ತಾನೆ. ಕಾಡಿಗೆ ಓಡಿ ಬಂದ ಹುಡುಗಿ ಓಡಿದ್ದು ಆ ಮನೆಯಿಂದಲೇ, ನೀರಿಗೆ ಬಿದ್ದ ಕಿರೀಟ ಆ ಗಂಡ ಕೊಟ್ಟದ್ದೇ ಅಂತ ಊಹಿಸಿದವರಿದ್ದಾರೆ. ನಾಟಕದಲ್ಲಿ ಹಾಗೆ ಹೇಳಿಲ್ಲ. ಎರಡು ಕಥೆಗಳನ್ನು ಪೂರ್ತಿ ಜೋಡಿಸಲೂ ಆಗುವುದಿಲ್ಲ, ಯಾಕೆಂದರೆ ಈ ನಾಟಕದ ಕೊನೆಗೆ ಬಾಗಿಲು ತೆರೆದೇ ಇದೆ, ಆರಿಯಾನ್ ಒಬ್ಬೊಬ್ಬರನ್ನೇ ಬರುತ್ತೀಯಾ ಅಂತ ಕೇಳುತ್ತಾಳೆ, ಐವರಲ್ಲಿ ಒಬ್ಬರೂ ಬರುವುದಿಲ್ಲ. ಮೆಲಿಸಾಂದಳೂ ಬರುವುದಿಲ್ಲ. ಆರಿಯಾನ್ ತನ್ನ ದಾದಿಯ ಜೊತೆ ಹೊರಟುಹೋಗುತ್ತಾಳೆ.

ಬಾಗಿಲು ತೆರೆದರೂ ಯಾಕೆ ಹೊರಡಲಿಲ್ಲ ಎಂಬ ಪ್ರಶ್ನೆ ನಮ್ಮ ಊರುಗಳಲ್ಲೂ ಕೇಳುತ್ತೇವೆ. ಪೆಟ್ಟು ತಿಂದ ಹೆಂಗಸಿಗೆ ಮೊದಲು ಬಾಯಿಲ್ಲವೇ ಅನ್ನುತ್ತೇವೆ, ಆಮೇಲೆ ಕಾಲಿಲ್ಲವೇ ಅನ್ನುತ್ತೇವೆ. ಮೆಲಿಸಾಂದಳಿಗೆ ಬಾಯಿ ಇತ್ತು, ಅದನ್ನು ಮೇಲೆ ತೋರಿಸಿದ್ದೇನೆ. ಅವಳ ಕಾಲು ಕಟ್ಟಿದ್ದು ಪ್ರತಿ ಸಲ ಹೇಳಿದಾಗಲೂ ಏನೂ ಆಗದೆ ಹೋದ ಅನುಭವ. ಈ ನಾಟಕವನ್ನು ಶಾಲೆಯಲ್ಲೋ ವಾಚನಾಲಯದಲ್ಲೋ ಓದಿಸುವ ಶಿಕ್ಷಕರಿಗೆ ನನ್ನದೊಂದು ಸಲಹೆ. ಎರಡನೆಯ ಅಂಕದ ಆ ಹಾಸಿಗೆಯ ದೃಶ್ಯವನ್ನು ಇಬ್ಬರಿಂದ ಗಟ್ಟಿಯಾಗಿ ಓದಿಸಿ, ಉಂಗುರ ಕಾಣುವ ಕ್ಷಣಕ್ಕೆ ನಿಲ್ಲಿಸಿ. ಇಲ್ಲಿ ಗೊಲೋ ಯಾವ ಪ್ರಶ್ನೆ ಕೇಳಬೇಕಿತ್ತು ಅಂತ ಮಕ್ಕಳನ್ನು ಕೇಳಿ. ಆಮೇಲೆ ಆಪೆರಾದ ಅದೇ ಭಾಗ ಫೋನಿನಲ್ಲಿ ಹಾಕಿ ಕೇಳಿಸಿ. ಭಾಷೆ ಬಾರದಿದ್ದರೂ ಯಾವ ಕ್ಷಣಕ್ಕೆ ಅವನ ದನಿ ಬದಲಾಯಿತು ಅಂತ ಮಕ್ಕಳು ಹೇಳುತ್ತಾರೆ.

ನಾಟಕದ ಕೊನೆಯಲ್ಲಿ ಆರ್ಕೆಲ್ ತಾಯಿ ಸತ್ತ ಕೋಣೆಯಿಂದ ಹೆಣ್ಣು ಕೂಸನ್ನು ಹೊರಗೆ ಒಯ್ಯಲು ಹೇಳುತ್ತಾನೆ. ಇನ್ನು ಈ ಬಡಪಾಯಿಯ ಸರದಿ ಎಂಬ ಅರ್ಥ ಬರುವ ಮಾತು ಅವನ ಬಾಯಿಂದ ಬರುತ್ತದೆ. ಕೇಳುವವರು ಅದನ್ನು ವಿಧಿಯ ಮಾತು ಅಂತ ತಿಳಿದು ನಿಟ್ಟುಸಿರು ಬಿಡುತ್ತಾರೆ. ನಾನು ಅದನ್ನು ಹಾಗೆ ಓದುವುದಿಲ್ಲ. ಅದೇ ಮನೆ, ಅದೇ ಅಜ್ಜ, ಅದೇ ಅಪ್ಪ ಇರುವಾಗ ಮಗುವಿನ ಸರದಿ ಬೇರೆ ಹೇಗಿರಲು ಸಾಧ್ಯ? ಹೊಸ್ತಿಲು ತೊಳೆದವರಿಗೆ ಅದು ಮೊದಲ ದೃಶ್ಯದಲ್ಲೇ ಗೊತ್ತಿತ್ತು.